ಶನಿವಾರದ ಹಾಳೆ

ಫೆಬ್ರವರಿ 11, 1991. ಸೋಮವಾರ

ಬೆಳಿಗ್ಗೆ ಮೂರು ಬಿ.ಪಿ., ಒಂದು ಗಾಯಕ್ಕೆ ಪಟ್ಟಿ. ತೂಕದ ಯಂತ್ರ ಮತ್ತೆ ಕೆಟ್ಟಿದೆ — ದಪ್ಪಗಿರುವವರಿಗೆಲ್ಲ ಖುಷಿ. ಹನ್ನೊಂದಕ್ಕೆ ದೋಣಿಯ ಆಳೊಬ್ಬನನ್ನು ಮೀನಿನ ತಳ್ಳುಗಾಡಿಯಲ್ಲೇ ಹಾಕಿಕೊಂಡು ತಂದರು. ಅಕ್ಕಿ ತೊಳೆದ ನೀರಿನಂಥ ಭೇದಿ, ಒಳಗಿಳಿದ ಕಣ್ಣು. ಸಂಜೆಯೊಳಗೆ ಇನ್ನಿಬ್ಬರು. ದಕ್ಷಿಣದ ಬಂದರುಗಳಲ್ಲಿದೆ ಎಂದು ರೇಡಿಯೊದಲ್ಲಿ ಕೇಳಿದ್ದ ಕಾಲರಾ ನಮ್ಮ ಸಾನ್ ತೆಲ್ಮೊಗೂ ಬಂತು.

ಹೋದ ವಾರದ ಮೀಟಿಂಗಿನಲ್ಲಿ ಜಿಲ್ಲಾ ಕಚೇರಿಯ ಡಾಕ್ಟರ್ ಸೆಮಿನಾರಿಯೊ ನರ್ಸುಗಳಿಗೆಲ್ಲ ಮಾತು ಕೊಟ್ಟಿದ್ದರು. “ರೋಗ ಬಂದಿದೆ ಅಂತ ಮೊದಲು ಹೇಳಿದ ಊರಿನ ಹೆಸರು ನನ್ನ ಡ್ರಾಯರ್ ಬಿಟ್ಟು ಆಚೆ ಹೋಗಲ್ಲಮ್ಮ. ಮೀನು ಮಾರೋದು ನಿಲ್ಲಿಸಿ, ಮನೆಮನೆಗೆ ಅಕ್ಕಿ ಎಣ್ಣೆ ನಾನು ಕಳಿಸ್ತೀನಿ.” ಒಳ್ಳೆಯ ಮನುಷ್ಯ. ರೋಗಿಗಳ ವರದಿಯ ಹಾಳೆ ತುಂಬಿ ಬಸ್ಸಿನವನ ಕೈಲಿ ಕಳಿಸಿದೆ.

ಫೆ. 12

ಎಲೆಯುತೇರಿಯೊ ಮನೆಗೆ ಹೋಗಿದ್ದೆ. ಮೀನುಗಾರರ ಸಂಘದ ಅಧ್ಯಕ್ಷ. ಅವನ ಮಗಳು ಯೆಸಿಕಾಳಿಗೆ ದೀಕ್ಷಾಸ್ನಾನದ ದಿನ ಓಲೆ ತೊಡಿಸಿದ ಧರ್ಮತಾಯಿ ನಾನು. ಹಾಗಾಗಿ ಅವನಿಗೂ ಅವನ ಹೆಂಡತಿ ದೊಮಿತಿಲಾಗೂ ನಾನು ‘ಕೊಮಾದ್ರೆ’. ಒಡಹುಟ್ಟಿದವಳಿಗಿಂತ ಒಂದು ತೂಕ ಹೆಚ್ಚು.

ನಾಳೆಯಿಂದ ನಲವತ್ತು ದಿನದ ವ್ರತ. ಮಾಂಸ ಮುಟ್ಟುವಂತಿಲ್ಲ, ಮೀನಿಗೆ ಚಿನ್ನದ ಬೆಲೆ. ಇಂಥ ಹೊತ್ತಲ್ಲಿ ಎರಡು ವಾರ ಮಾರಬೇಡಿ, ಅಕ್ಕಿ ಎಣ್ಣೆ ಡಾಕ್ಟರ್ ಕಳಿಸುತ್ತಾರೆ ಅಂದೆ. ದೊಮಿತಿಲಾ ಹಸಿ ಮೀನಿನ ಮೇಲೆ ನಿಂಬೆ ಹಿಂಡುತ್ತಿದ್ದವಳು ನಕ್ಕಳು — ನಿಂಬೆಹುಳಿಗೆ ಬೇಯದ ಮೀನುಂಟೆ, ಸಾಯದ ಹುಳ ಉಂಟೆ, ಅಜ್ಜಿ ಕಾಲದಿಂದ ಹಸಿ ಮೀನು ತಿಂದು ಗಟ್ಟಿಯಾಗಿದ್ದೇವೆ ಎಂದು. ಎಲೆಯುತೇರಿಯೊ ನಗಲಿಲ್ಲ.

“ಡಾಕ್ಟರನ್ನ ನಾನು ಕಂಡಿಲ್ಲ. ನಿಮ್ಮನ್ನ ನೋಡಿ ನಿಲ್ಲಿಸ್ತೀನಿ, ಕೊಮಾದ್ರೆ” ಅಂದ.

ಫೆ. 16

ರೋಗಿ ಇರುವ ಮನೆ ಗುರುತಿಗೆ ಬಾಗಿಲಿಗೊಂದು ಬಿಳಿ ಬಟ್ಟೆ ಕಟ್ಟಿಸಿದೆ. ನನ್ನ ಬುದ್ಧಿಗೆ ಬೆಂಕಿ ಹಾಕ! ಬಿಳಿ ಬಟ್ಟೆ ಎಂದರೆ ಇಲ್ಲಿ ಚೀಚಾ ಸಿದ್ಧ ಎಂದರ್ಥ. ಒಳನಾಡಿನ ನಾಲ್ವರು ಕುಡುಕರು ನೇರ ರೋಗಿಯ ಮನೆಗೆ ನುಗ್ಗಿ, ಬೆಂಚಿನ ಮೇಲೆ ಕೂತು, ಜೋಳದ ಹೆಂಡ ತಾ ಅಂದರಂತೆ. ಹಾಸಿಗೆಯಲ್ಲಿದ್ದ ಮುದುಕಿ ಎದ್ದು ಪೊರಕೆ ತಗೊಂಡಳು. ಔಷಧಿಗಿಂತ ಅದೇ ಕೆಲಸ ಮಾಡಿತು.

ಬಿಳಿ ಬಿಚ್ಚಿಸಿ ಹಳದಿ ಕಟ್ಟಿಸಿದೆ. ಹತ್ತೊಂಬತ್ತು ಮನೆ. ಒಂದು ಸಾವೂ ಇಲ್ಲ.

ಫೆ. 20

ಡಾಕ್ಟರ್ ಬಂದಿದ್ದರು. ಬೆನ್ನು ತಟ್ಟಿದರು. ಜೊತೆಯಲ್ಲೊಬ್ಬ ಕ್ಯಾಮೆರಾದವನು. ಕಚೇರಿಯ ಫೈಲಿಗೆ ಅಂದರು. ಹಳದಿ ಬಟ್ಟೆಯ ಬೀದಿ ಪೂರ್ತಿ ಫೋಟೊ ತೆಗೆದ. ನಾನೇ ಮುಂದೆ ನಿಂತು ತೋರಿಸಿದೆ, ಮದುಮಗಳ ಹಾಗೆ.

ಫೆ. 23

ಪೇಪರಿನ ಮೊದಲ ಪುಟ. ನಮ್ಮ ಬೀದಿ. ಕೆಳಗೆ ಊರಿನ ಹೆಸರು, ನನ್ನ ಹೆಸರು, ‘ಡಾಕ್ಟರ್ ಸೆಮಿನಾರಿಯೊ ಅವರ ಮಾದರಿ ಕಾರ್ಯಕ್ರಮ’.

ನಂಬಿಸಿ ಕುತ್ತಿಗೆ ಕೊಯ್ದ.

ಮಾರ್ಚ್ 6

ಹತ್ತು ದಿನದಿಂದ ಹೊಸ ರೋಗಿ ಇಲ್ಲ. ಹಳದಿ ಬಟ್ಟೆಗಳನ್ನೆಲ್ಲ ಬಿಚ್ಚಿಸಿದ್ದೇನೆ. ಆದರೂ ಪೇಪರ್ ನೋಡಿದ ಮೇಲೆ ಮೀನು ಕೊಳ್ಳುವ ಒಂದು ಲಾರಿಯೂ ಇಲ್ಲಿ ನಿಲ್ಲುತ್ತಿಲ್ಲ. ಮೀನು ಇಳಿಸುತ್ತಾರೆ, ಕಾಯುತ್ತಾರೆ, ಹತ್ತು ಗಂಟೆಗೆ ಪೆಲಿಕನ್‌ಗಳಿಗೆ ಎಸೆಯುತ್ತಾರೆ. ಅಕ್ಕಿ ಬಂದಿಲ್ಲ. ಎಣ್ಣೆ ಬಂದಿಲ್ಲ.

ಪಕ್ಕದ ಪುಂತಾ ಗಾಯೊದವರು ಬಾಯಿ ಬಿಡದೆ ತಿಂಗಳೆಲ್ಲ ಮೀನು ಮಾರಿದರು. ಈಗ ಹದಿನಾಲ್ಕು ಹೆಣ. ಅಲ್ಲಿಗೆ ಟೆಂಟು, ಅಕ್ಕಿ, ಜನರೇಟರ್.

ಮಾ. 8

ಜಿಲ್ಲಾ ಕಚೇರಿಗೆ ಹೋದೆ. ಎರಡು ಗಂಟೆ ಕಾಯಿಸಿದರು. ಕೊಟ್ಟ ಮಾತು ನೆನಪಿಸಿದೆ. ಮುಖ ನೋಡದೆ ಹೇಳಿದರು: “ಸಾವಿನ ಲೆಕ್ಕ ನೋಡಿ ನೆರವು ಬರೋದಮ್ಮ. ನಿಮ್ಮಲ್ಲಿ ಯಾರೂ ಸತ್ತಿಲ್ಲವಲ್ಲ. ಸಂತೋಷಪಡಿ.”

ಸಂತೋಷಪಡಬೇಕಂತೆ. ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ. ಅನ್ನವೂ ಇಲ್ಲ.

ಹೊಸ ನಿಯಮವೂ ಆಗಿದೆ. ಪ್ರತಿ ಶನಿವಾರ ರೋಗಿಗಳ ಸಂಖ್ಯೆ ಬರೆದ ಹಾಳೆ ಕಳಿಸಬೇಕು. ಅದನ್ನು ನೋಡಿ ಸೋಮವಾರದ ವ್ಯಾನಿನಲ್ಲಿ ಸಲೈನ್. ಹಾಳೆಯನ್ನು ಕಚೇರಿ ಬಾಗಿಲಿಗೆ ಅಂಟಿಸುತ್ತಾರೆ, ಯಾರು ಬೇಕಾದರೂ ಓದಬಹುದು.

ಮಾ. 15

ದೊಮಿತಿಲಾ ಬಂದಿದ್ದಳು. ಕೂರಲಿಲ್ಲ. ಮೇಜಿನ ಮೇಲೆ ಕಾಗದದ ಪೊಟ್ಟಣ ಇಟ್ಟು ಹೊರಟುಬಿಟ್ಟಳು. ಬಿಚ್ಚಿದರೆ ಯೆಸಿಕಾಳ ಓಲೆ. ನಾನು ತೊಡಿಸಿದ್ದು.

ಮಾರಿದ್ದರೆ ಒಂದು ವಾರದ ಊಟವಾಗುತ್ತಿತ್ತು. ಮಾರಲಿಲ್ಲ, ಹಿಂದಕ್ಕೆ ಕೊಟ್ಟಳು. ಅದಕ್ಕೇ ಹೆಚ್ಚು ಉರಿ. ತುಂಬ ಅತ್ತೆ.

ಮಾ. 20

ಮೀನು ಕೊಳ್ಳುವ ಲಾರಿಗಳ ಸಾಹುಕಾರ ದೋನ್ ಉಲ್ದಾರಿಕೊ ಹೇಳಿ ಕಳಿಸಿದ್ದಾನೆ. ಹೋದ ಶನಿವಾರದ ಹಾಳೆಯಲ್ಲಿ ಸೊನ್ನೆ ಓದಿದನಂತೆ. ಈ ಶನಿವಾರವೂ ಸೊನ್ನೆ ಇದ್ದರೆ ಮಂಗಳವಾರ ಮೂರು ಲಾರಿ ತರುತ್ತಾನೆ. ಶುಭ ಶುಕ್ರವಾರದ ಮೀನೆಲ್ಲ ನಮ್ಮದು. ಜೆಟ್ಟಿಯಲ್ಲಿ ಹೆಂಗಸರು ಬುಟ್ಟಿ ತೊಳೆಯುತ್ತಿದ್ದರು. ಒಬ್ಬಳು ನನಗೆ ನಮಸ್ಕಾರ ಹೇಳಿದಳು, ತಿಂಗಳಲ್ಲಿ ಮೊದಲ ಸಲ.

ಮಾ. 23, ಶನಿವಾರ. ಬೆಳಿಗ್ಗೆ 7

ಎಲೆಯುತೇರಿಯೊ ಯೆಸಿಕಾಳನ್ನು ಹೊತ್ತುಕೊಂಡು ಬಂದ. ಅದೇ ಕಣ್ಣು. ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತದೆ. ಬಾವಿ ಓಣಿಯ ನೀರು ಕುಡಿದಿದ್ದಾಳೆ. ಉಳಿದಿದ್ದದ್ದು ಏಳು ಬಾಟಲಿ ಸಲೈನ್.

ಮಧ್ಯಾಹ್ನ 1

ನಾಲ್ಕು ಬಾಟಲಿ ಹೋಯಿತು. ಮೂತ್ರ ಬಂತು. ಬದುಕಿದಳು. “ಧರ್ಮಮ್ಮಾ, ಹಸಿವು” ಅಂದಳು.

ಎಲೆಯುತೇರಿಯೊ ಬಾಗಿಲಲ್ಲೇ ನಿಂತಿದ್ದ. ಶನಿವಾರದ ಹಾಳೆ ಒಯ್ಯುವ ಬಸ್ಸು ಎರಡಕ್ಕೆ.

“ಅವತ್ತು ನಿಮ್ಮ ಮಾತಿಗೆ ಇಡೀ ಊರನ್ನ ನಿಲ್ಲಿಸ್ದೆ. ಇವತ್ತು ನನ್ನ ಮಾತಿಗೆ ಹಾಳೇಲಿ ಒಂದು ಸೊನ್ನೆ ಬರೀರಿ, ಕೊಮಾದ್ರೆ.”

ಇವಳಿಗೆ ಬಂದಿದೆ ಎಂದರೆ ಓಣಿಗೆ ಬಂದಿದೆ ಅಂದೆ. ಇವಳು ನನ್ನ ಮಗಳು, ನನಗೆ ಗೊತ್ತಿಲ್ಲವೇ ಅಂದ. ಬಾವಿಗೆ ತಾನೇ ಕ್ಲೋರಿನ್ ಹಾಕಿಸುತ್ತೇನೆ, ಯಾರೂ ಮುಟ್ಟದ ಹಾಗೆ ಕಾಯುತ್ತೇನೆ ಅಂದ. ಗಂಡಸು, ಅಳುತ್ತಿದ್ದ.

ಡಾಕ್ಟರನ ಡ್ರಾಯರ್ ನೆನಪಾಯಿತು. ಹದಿನಾಲ್ಕು ಹೆಣಕ್ಕೆ ಸಿಕ್ಕ ಜನರೇಟರ್ ನೆನಪಾಯಿತು. ನಾನೊಬ್ಬಳೇ ಏಕೆ ಸತ್ಯದ ಶಿಲುಬೆ ಹೊರಬೇಕು?

ಸೊನ್ನೆ ಬರೆದೆ. ಸಹಿ ಹಾಕಿದೆ. ಬಸ್ಸಿನವನ ಕೈಗೆ ಕೊಟ್ಟೆ.

ಮಾ. 25, ಸೋಮವಾರ

ವ್ಯಾನು ನಮ್ಮೂರಿನ ಮುಂದೆ ಹಾದು ಪುಂತಾ ಗಾಯೊಗೆ ಹೋಯಿತು. ನಿಲ್ಲಲಿಲ್ಲ. ಸೊನ್ನೆಗೆ ಯಾಕೆ ನಿಲ್ಲಬೇಕು? ಡ್ರೈವರ್ ಕೈ ಬೀಸಿದ.

ಮಾ. 26

ಲಾರಿಗಳು ಬಂದವು. ಮೂರಲ್ಲ, ನಾಲ್ಕು! ಜೆಟ್ಟಿಯಲ್ಲಿ ಮಂಜುಗಡ್ಡೆ ಒಡೆಯುವ ಸದ್ದು. ಮಕ್ಕಳ ಬಾಯಲ್ಲಿ ಬ್ರೆಡ್ಡು. ದೊಮಿತಿಲಾ ಒಂದು ತಟ್ಟೆ ಹುರಿದ ಮೀನು ತಂದಳು, ಹಸಿಯದಲ್ಲ. ಓಲೆ ಕೇಳಿದಳು. ಯೆಸಿಕಾಳಿಗೆ ಮತ್ತೆ ನಾನೇ ತೊಡಿಸಿದೆ. ತಿಂಗಳಾದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾ. 27, ಬುಧವಾರ. ಬೆಳಿಗ್ಗೆ 9

ಬಾವಿ ಓಣಿಯಿಂದ ಒಬ್ಬಳು ಬಸುರಿ. ಎರಡು ಬಾಟಲಿ ಅವಳಿಗೇ ಹೋಯಿತು. ಕ್ಲೋರಿನ್ ಹಾಕಿದಿರಾ ಎಂದು ಎಲೆಯುತೇರಿಯೊಗೆ ಕೇಳಿ ಕಳಿಸಿದೆ. ಲಾರಿ ತುಂಬುವ ಗಡಿಬಿಡಿಯಲ್ಲಿ ಮರೆತನಂತೆ.

ಸಲೈನ್‌ಗೆ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತ ಹಾಳೆ ಓದಿ ಹೇಳಿದ, ನಿಮ್ಮಲ್ಲಿ ರೋಗಿಗಳೇ ಇಲ್ಲವಲ್ಲಮ್ಮ, ನಿಮ್ಮದೇ ಸಹಿ ಇದೆ. ಮುಂದಿನ ವ್ಯಾನು ಹಬ್ಬ ಕಳೆದು, ಸೋಮವಾರ.

9.40

ಒಂದು ಬಾಟಲಿ ಉಳಿದಿದೆ. ಹೊರಗೆ ಮೀನಿನ ತಳ್ಳುಗಾಡಿ ಬಂದು ನಿಂತಿತು. ಇಳಿಸುತ್ತಿದ್ದಾರೆ. ಒಬ್ಬರಲ್ಲ… ಮೂವರು. ಕೊನೆಯಲ್ಲಿರುವವಳ ತೋಳಿಗೆ ಮೀನಿನ ಹುರುಪೆ ಇನ್ನೂ ಅಂಟಿದೆ, ದೊಮಿತಿ—