ಬೋಟನಿ ಪೀರಿಯಡ್ಡಿಗೆ ಬಾರದ ಸಂಗಮೇಶನಿಗೆ

ನಡುಮಾಸ, ಮೂವತ್ತೇಳನೇ ತಾರೀಖು
ನೆರಳುಬೀದಿ ಹಾಸ್ಟೆಲ್, ಗದಗ

ತೀರ್ಥರೂಪರಾದ ಸಂಗಮೇಶ ಅಜ್ಜನವರಿಗೆ ನಿಮ್ಮ ಮರಿಮಗಳ ಮೊಮ್ಮಗಳು ನೀಲವ್ವ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ತಡೆಯಲಾಗದ ದಿನಗಳನ್ನೆಲ್ಲ ಒಂದೆಡೆ ಸೇರಿಸಿ ನಾವೊಂದು ಹೊಸ ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ನಡುಮಾಸ ಎಂದು ಹೆಸರು, ಅದು ತನಗೆ ಬೇಕಾದಷ್ಟು ಉದ್ದ ಹೋಗುತ್ತದೆ. ನನ್ನ ಬರವಣಿಗೆಯಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಒಬ್ಬರೇ ಒಬ್ಬರ ಬಾಯಿಂದ ಕೇಳಿ ಕಲಿತಿದ್ದೇನೆ. ಅವರು ಯಾರೆಂದು ಮುಂದೆ ಹೇಳುತ್ತೇನೆ. ನೀವೂ ಅವರಿಂದಲೇ ಕಲಿಯಬೇಕಿತ್ತು.

ನೀವು ನನ್ನ ಹಿರಿಯರು, ನಿಜ. ಆದರೆ ಈ ಪತ್ರ ಮುಟ್ಟುವ ದಿನ ನೀವು ಬಿ.ಎಸ್ಸಿ. ಎರಡನೇ ವರ್ಷದ ಹುಡುಗ, ನನಗಿಂತ ಚಿಕ್ಕವರು. ಹಾಗಾಗಿ ಈ ಬಹುವಚನವನ್ನು ಎಷ್ಟು ದೂರ ಎಳೆದುಕೊಂಡು ಹೋಗಬಲ್ಲೆನೋ ನನಗೇ ಗೊತ್ತಿಲ್ಲ. ಆಗುವಷ್ಟು ದೂರ ಸಮಾಧಾನದಿಂದ ಬರೆಯುತ್ತೇನೆ.

ಮೊದಲು ನನ್ನ ಕಾಲೇಜಿನ ಸುದ್ದಿ. ನಾನು ಓದುತ್ತಿರುವುದು ನೆರಳುಶಾಸ್ತ್ರ. ಯಾವ ಬೀದಿಗೆ ಯಾವ ಮರ ಹಚ್ಚಬೇಕು, ಎಷ್ಟು ಹೊತ್ತಿಗೆ ಅದರ ನೆರಳು ಯಾರ ಬಾಗಿಲಿಗೆ ಬೀಳಬೇಕು ಎಂಬುದೇ ನಮ್ಮ ಪಾಠ. ನಿಮ್ಮವರಿಗೆ ನಗು ಬರಬಹುದು, ಆದರೆ ಈಗ ಊರಿನಲ್ಲಿ ನೆರಳುಶಾಸ್ತ್ರ ಓದಿದವರಿಗೆ ಇರುವ ಮರ್ಯಾದೆ ಡಾಕ್ಟರಿಗೂ ಇಲ್ಲ. ಬೆಳಗ್ಗೆ ಬೇಗ ಎದ್ದು ಮೆಸ್ಸಿಗೆ ಹೋಗುತ್ತೇವೆ. ಮೆಸ್ಸಿನಲ್ಲಿ ಇವತ್ತಿಗೂ ಉಪ್ಪಿಟ್ಟೇ. ಏನೇನೋ ಬದಲಾಗಿದೆ, ನಿಮ್ಮ ರೈಲ್ವೆ ಸ್ಟೇಷನ್ನೇ ಹೋಗಿದೆ, ಉಪ್ಪಿಟ್ಟು ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಟ್ಟಿಲ್ಲ. ನನ್ನ ರೂಮಿನ ಗೆಳತಿ ಚೆನ್ನವೀರಿ ಅದನ್ನು ಮೂಗು ಹಿಡಿದು ನುಂಗುತ್ತಾಳೆ. ತಿಂಡಿಯಾದ ಮೇಲೆ ನೆರಳುಬೀದಿಗುಂಟ, ಅಂದರೆ ಎರಡೂ ಬದಿಯ ಮರಗಳು ತಲೆ ಕೂಡಿಸಿರುವ ರಸ್ತೆಗುಂಟ, ಹರಟೆ ಹೊಡೆಯುತ್ತ ಕ್ಲಾಸಿಗೆ ಹೋಗುತ್ತೇವೆ. ಹೋಗುತ್ತಿದ್ದೆವು ಎನ್ನಬೇಕು. ಕಾಲೇಜಿನ ಬಾಗಿಲಲ್ಲಿ ಚೆನ್ನವೀರಿ ಬಲಕ್ಕೆ ತಿರುಗುತ್ತಿದ್ದಳು, ನಾನು ಎಡಕ್ಕೆ. ಎಡಕ್ಕೆ ಇರುವುದು ವಂಶಹಾಜರಿಯ ಕೋಣೆ.

ವಂಶಹಾಜರಿ ಎಂದರೆ ಹೀಗೆ. ನಿಮ್ಮ ಕಾಲದಲ್ಲಿ ಒಂದು ಪದ್ಧತಿ ಇತ್ತಂತೆ. ಒಬ್ಬ ಕ್ಲಾಸಿಗೆ ಬರದೆ ಎಲ್ಲೋ ತಿರುಗುತ್ತಿದ್ದರೆ, ಹಾಜರಿ ಕರೆಯುವಾಗ ಅವನ ಗೆಳೆಯ ದನಿ ಬದಲಿಸಿ "ಯಸ್ ಮೇಡಂ" ಎನ್ನುವುದು. ಪ್ರಾಕ್ಸಿ ಎನ್ನುತ್ತಿದ್ದಿರಿ. ಅದನ್ನು ಸ್ನೇಹ ಎಂದೂ ಕರೆಯುತ್ತಿದ್ದಿರಿ. ಮುಂದೆ ಯಾವುದೋ ಪುಣ್ಯಾತ್ಮರಿಗೆ ಹಳೆಯ ಡಿಗ್ರಿಗಳೆಲ್ಲ ಎಷ್ಟು ಟೊಳ್ಳು ಎಂಬುದು ತಿಳಿದು, ಒಂದು ಕಾಯಿದೆ ಬಂತು. ಹಿರಿಯರು ಕೂರದೆ ಬಿಟ್ಟ ಕ್ಲಾಸುಗಳಿಗೆ ಅದೇ ಕಾಲೇಜಿಗೆ ಬಂದ ಅವರ ಮನೆಯ ಮಕ್ಕಳು ಕೂರಬೇಕು. ಕೂರುವವರೆಗೆ ಹಾಲ್‌ಟಿಕೆಟ್ ಇಲ್ಲ. ಇದು ಯಾವ ನ್ಯಾಯ ಎಂದು ಕೇಳಬೇಡಿ, ನಾನು ಕೇಳಿ ಬೈಸಿಕೊಂಡಿದ್ದೇನೆ.

ಈ ವರ್ಷ ನಮ್ಮ ಕ್ಲಾಸಿನವರೆಲ್ಲ ಕಡಲಂಚಿಗೆ ಗಿಡ ಹಚ್ಚಲು ಹೋದರು. ಕೊನೆಯ ವರ್ಷದ ಪಾಠ ಅಲ್ಲಿಯೇ ನಡೆಯುತ್ತದೆ. ಅದಕ್ಕಾಗಿಯೇ ನಾನು ಈ ಓದಿಗೆ ಸೇರಿದ್ದು, ಹುಟ್ಟಿದಾಗಿನಿಂದ ನಾನು ಸಮುದ್ರ ನೋಡಿಲ್ಲ. ಚೆನ್ನವೀರಿ ಹೊರಡುವಾಗ ತನ್ನ ಹಾಸಿಗೆ ಸುತ್ತಿಡುತ್ತ, "ನೀಲಿ, ನಿಮ್ಮ ಮುತ್ಯಾ ಅಷ್ಟ್ ದಿನ ಎಲ್ಲಿ ಹಾಳಾಗಿ ಹೋಗಿದ್ನ?" ಎಂದು ಅತ್ತಳು. ಅವಳಿಗೆ ಸಿಕ್ಕ ಸಮುದ್ರ ನನಗೆ ಸಿಗಲಿಲ್ಲ. ನನಗೆ ಸಿಕ್ಕಿದ್ದು ನಿಮ್ಮ ಬೋಟನಿ ಪೀರಿಯಡ್ಡು.

ನಿಮ್ಮ ಕ್ಲಾಸಿನ ಮೂಲೆಯಲ್ಲಿ, ಉರಿಯದ ಟ್ಯೂಬ್‌ಲೈಟಿನ ಪಕ್ಕ, ಒಂದು ಕ್ಯಾಮೆರಾ ಇದೆ. ತಪಾಸಣೆಯ ತಂಡ ಬರುತ್ತದೆಂದು ಹಾಕಿಸಿದ್ದು. ಅದು ಕೆಟ್ಟಿದೆ ಎಂದು ನೀವೆಲ್ಲ ತಿಳಿದಿದ್ದೀರಿ. ಕೆಟ್ಟಿಲ್ಲ. ಅದು ಕಂಡಿದ್ದನ್ನೆಲ್ಲ ಈಗ ನಮ್ಮವರು ವಂಶಹಾಜರಿಯ ಕೋಣೆಯಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಅದೇ ಗೋಡೆ, ಅದೇ ಬೆಂಚು, ಅದೇ ಸೀಮೆಸುಣ್ಣದ ಪುಡಿ. ನಾನು ನಿಮ್ಮ ಜಾಗದಲ್ಲಿ, ಎರಡನೇ ಬೆಂಚಿನ ಕಿಟಕಿಯ ಕಡೆಗೆ ಕೂರಬೇಕು. ಊಟವಾದ ಮೇಲಿನ ಪೀರಿಯಡ್ಡು. ನಾಗವೇಣಿ ಮೇಡಂ ಒಳಗೆ ಬರುತ್ತಾರೆ. ನನ್ನ ಕನ್ನಡದ ಗುರು ಇವರೇ.

ಮೊದಮೊದಲು ನಾನು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಆಮೇಲೆ ಮೇಡಂ ಅವರ ದನಿ ಕಿವಿಗೆ ಬೀಳತೊಡಗಿತು. ಅವರು ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಹೆಸರಷ್ಟೇ, ಒಂದು ಕುರ್ಚಿಯೂ ಅವರದಲ್ಲ. ಬ್ಯಾಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಪಾಠ ಮಾಡುತ್ತಾರೆ. ಮುಂದಿನ ಬೆಂಚಿನಲ್ಲಿ ಮೂರು ಜನ ಹುಡುಗಿಯರು, ಹಿಂದೆ ನಿಮ್ಮ ಗೆಳೆಯ ವೀರೇಶ, ಅವನ ಪಕ್ಕ ನಿದ್ದೆಗಣ್ಣಿನ ಒಂದಿಬ್ಬರು. ಅಷ್ಟು ಜನಕ್ಕೆ ಅವರು ತುಂಬಿದ ಕ್ಲಾಸಿಗೆ ಹೇಳುವಂತೆ ಹೇಳುತ್ತಾರೆ. ಹಾಜರಿ ಕರೆಯುವಾಗ ನಿಮ್ಮ ಹೆಸರು ಬರುತ್ತದೆ. ವೀರೇಶ ಮೂಗಿನಿಂದ "ಯಸ್ ಮೇಡಂ" ಎನ್ನುತ್ತಾನೆ. ಮೇಡಂ ತಲೆ ಎತ್ತಿ ಒಂದು ಸಲ ಖಾಲಿ ಜಾಗ ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಅವರಿಗೆ ಎಲ್ಲ ಗೊತ್ತು. ಕ್ಲಾಸಿನಲ್ಲಿ ಹುಡುಗರಿಲ್ಲ ಎಂದರೆ ಕಾಲೇಜಿನವರು ಕ್ಲಾಸೇ ಬೇಡ ಎನ್ನುತ್ತಾರೆ, ಕ್ಲಾಸು ಬೇಡವಾದರೆ ಅತಿಥಿಯೂ ಬೇಡ. ಅದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದರು. ಕೆಲವು ದಿನಗಳ ಮೇಲೆ ವೀರೇಶನ ಜೊತೆಗೆ ನಾನೂ "ಯಸ್ ಮೇಡಂ" ಎನ್ನತೊಡಗಿದೆ. ಅವರಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಎನ್ನುತ್ತಿದ್ದೆ.

ಒಂದು ದಿನ ಅವರು ಕಾಲೇಜಿನ ಹಿಂದಿನ ಮರದಿಂದ ಹುಣಸೆ ಹೂವಿನ ಟೊಂಗೆ ಮುರಿದು ತಂದರು. "ಹುಣಸಿಹಣ್ಣು ಎಲ್ಲಾರೂ ತಿಂತೀರಿ, ಹೂವು ಯಾರರ ನೋಡೀರೇನು?" ಎಂದು ನಕ್ಕರು. ಈ ಹೂವಿಗೆ ಐದು ಎಸಳು, ಕಣ್ಣಿಗೆ ಕಾಣುವುದು ಮೂರೇ, ಉಳಿದ ಎರಡು ಕೂದಲೆಳೆಯಷ್ಟಾಗಿ ಬುಡದಲ್ಲಿ ಕೂತಿವೆ, ಬಿಡಿಸಿ ಹುಡುಕಬೇಕು ಎಂದರು. ಆಮೇಲೆ, ಬೇಕೆಂದೋ ಮರೆತೋ ತಿಳಿಯದು, "ಸಂಗಮೇಶ, ನೀವು ಬರ್ರಿ. ಬಿಡಿಸಿ ತೋರಸ್ರಿ" ಎಂದು ನಿಮ್ಮ ಬೆಂಚಿನ ಕಡೆ ಕೈ ಚಾಚಿದರು. ಆ ಕೈ ನೇರ ನನ್ನ ಮುಖದ ಮುಂದಿತ್ತು. ಹಳದಿ ಹೂವು, ಮೇಲೆ ಸಣ್ಣ ಕೆಂಪು ಗೆರೆಗಳು. ನಾನು ಎದ್ದು ನಿಂತು ತೆಗೆದುಕೊಳ್ಳಲು ಹೋದೆ. ಕೈಗೆ ಗಾಳಿ ಸಿಕ್ಕಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು, ಆಮೇಲೆ ಕೈ ಇಳಿಸಿ, "ಇರ್ಲಿ ಬಿಡ್ರಿ" ಎಂದು ಬೋರ್ಡಿನ ಕಡೆ ತಿರುಗಿದರು.

ಇನ್ನು ಬಹುವಚನ ಸಾಕು.

ಆ ಹೊತ್ತಿಗೆ ನೀನು ಎಲ್ಲಿದ್ದೆ ಎಂದು ನಮ್ಮ ಮನೆಯ ಸಣ್ಣ ಕೂಸಿಗೂ ಗೊತ್ತು. ಅದೇ ಹುಣಸೆ ಮರದ ಕೆಳಗಿನ ಮಂಡಕ್ಕಿ ಗಿರ್ಮಿಟ್ ಅಂಗಡಿಯಲ್ಲಿ, ಪಕ್ಕದ ನರ್ಸಿಂಗ್ ಕಾಲೇಜಿನ, ಕೆಂಪು ದುಪಟ್ಟಾದ ಪೂರ್ಣಿಮಾಳ ಎದುರು, ಮಿರ್ಚಿ ಕಡಿಯುತ್ತ ಕೂತಿದ್ದೆ. ಇದನ್ನು ನಮ್ಮ ಮನೆಯಲ್ಲಿ ಪ್ರತಿ ಮದುವೆಯಲ್ಲೂ ಹೇಳುತ್ತಾರೆ. ನನ್ನ ಅಮ್ಮಮ್ಮ ಬೊಚ್ಚು ಬಾಯಲ್ಲಿ ನಗುತ್ತ, "ನಮ್ಮ ಮನಿತನ ಸುರು ಆಗಿದ್ದ ಗಿರ್ಮಿಟ್ ಅಂಗಡ್ಯಾಗ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ. ಆ ಕಥೆಯಲ್ಲಿ ನಾಗವೇಣಿ ಮೇಡಂ ಇಲ್ಲ. ಖಾಲಿ ಬೆಂಚಿನ ಮುಂದೆ ಚಾಚಿದ ಕೈ ಇಲ್ಲ.

ಕೊನೆಯ ಪಾಠವನ್ನೂ ನಾನು ನೋಡಿದೆ. ಪ್ರಿನ್ಸಿಪಾಲರು ಪೀರಿಯಡ್ಡಿನ ನಡುವೆಯೇ ಒಳಗೆ ಬಂದರು. "ರಜಿಸ್ಟರ್‌ನಾಗ ಕ್ಲಾಸ್ ತುಂಬೈತಿ, ಕ್ಯಾಮೆರಾದಾಗ ಬರೇ ಬೆಂಚ್ ಅದಾವು. ಹುಡುಗರು ಎಲ್ಲ್ಯದಾರ್ರೀ ಮೇಡಂ?" ಎಂದರು. ಮೇಡಂ ನಿನ್ನ ಹೆಸರು ಹೇಳಲಿಲ್ಲ. ವೀರೇಶನ ಹೆಸರನ್ನೂ ಹೇಳಲಿಲ್ಲ. "ತಪ್ಪಾತ್ರಿ ಸರ" ಎಂದರು, ಅಷ್ಟೇ. ಮುಂದಿನ ಸೆಮಿಸ್ಟರಿಗೆ ಬರುವುದು ಬೇಡವೆಂದು ಹುಡುಗಿಯರ ಎದುರೇ ಹೇಳಿಸಿಕೊಂಡರು. ಪ್ರಿನ್ಸಿಪಾಲರು ಹೋದ ಮೇಲೆ ಮೇಡಂ ಟೇಬಲ್ಲಿನ ಮೇಲಿದ್ದ ಎಲೆ, ಕಡ್ಡಿ, ಕಾಯಿಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡರು, ಬೋರ್ಡು ಒರೆಸಿದರು, ಫ್ಯಾನು ಆರಿಸಿದರು. ಅವರು ಎಲ್ಲಿಗೆ ಹೋದರು, ಏನಾದರು, ಕ್ಯಾಮೆರಾಕ್ಕೆ ಗೊತ್ತಿಲ್ಲ. ಹೋಗುವ ಮುನ್ನ ನಿನಗೆ ಇಂಟರ್ನಲ್ ಅಂಕ ಪೂರ್ತಿ ಹಾಕಿದ್ದರು. ನೀನು ಪಾಸಾದೆ, ಮದುವೆಯಾದೆ, ಫೋಟೋದಲ್ಲಿ ಹಾರ ಹಾಕಿಸಿಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದೀ. ನಾನು ಆ ಫೋಟೋಕ್ಕೆ ಕೈ ಮುಗಿಯುವುದನ್ನು ಬಿಟ್ಟಿದ್ದೇನೆ.

ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಗೂ ಹಿಂದಿನ ಕಾಲಕ್ಕೆ ಒಂದೇ ಒಂದು ಪತ್ರ ಕಳಿಸುವ ಹಕ್ಕು. ಬಹಳ ಮಂದಿ ಹಿರಿಯರಿಗೆ ಉಪಕಾರ ಸ್ಮರಣೆ ಮಾಡಿ ಬರೆಯುತ್ತಾರೆ. ನಾನು ಸೇಡಿಗೆ ಬರೆಯುತ್ತೇನೆ ಎಂದಾಗ ಅಮ್ಮಮ್ಮ ಹೆದರಿದಳು. "ಬ್ಯಾಡವ್ವಾ ನೀಲಿ. ಅವ್ರಿಬ್ರು ಅಲ್ಲಿ ಕೂತಿದ್ದಕ್ಕ ನಾವೆಲ್ಲಾ ಅದೀವಿ. ಅವನ್ನ ಅಲ್ಲಿಂದ ಎಬ್ಬಿಸಿದಿ ಅಂದ್ರ ನೀನೂ ಇರಂಗಿಲ್ಲ, ನಾನೂ ಇರಂಗಿಲ್ಲ" ಎಂದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಮಾತು ಸುಳ್ಳಲ್ಲ. ನನಗೂ ಭಯವಿದೆ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿದೆ. ಒಬ್ಬರ ಅನ್ನ ಕಿತ್ತು ಸುರುವಾದ ಮನೆತನ ನನ್ನದು ಎಂದು ತಿಳಿದ ಮೇಲೆ ಆ ಕಥೆಗೆ ಇನ್ನೊಮ್ಮೆ ನಗಲು ನನ್ನಿಂದ ಆಗದು.

ಅಂದಹಾಗೆ, ಒಂದು ಮಾತು ಹೇಳುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹಿಂದಂಚೆ ಮುಟ್ಟುವುದು ಕ್ಯಾಮೆರಾ ಕಂಡ ಜಾಗಕ್ಕೆ ಮಾತ್ರ. ನೀನು ಆ ಕೋಣೆಯಲ್ಲಿ ಎಂದೂ ಇರಲಿಲ್ಲ, ಹಾಗಾಗಿ ನಿನಗೆ ಪತ್ರ ಕಳಿಸಲು ಬರುವುದೇ ಇಲ್ಲ. ಇದನ್ನು ಈಗ ಓದುತ್ತಿರುವುದು ನೀನಲ್ಲ.

ನಾಗವೇಣಿ ಮೇಡಂ, ನಮಸ್ಕಾರ. ನಿಮ್ಮ ಎರಡನೇ ಬೆಂಚಿನಲ್ಲಿ, ಕಿಟಕಿಯ ಕಡೆಗೆ, ದಿನವೂ ಕೂರುವ ಹುಡುಗಿ ನಾನು. ಇವತ್ತು ನೀವು ಹುಣಸೆ ಹೂವಿನ ಟೊಂಗೆ ತಂದಿದ್ದೀರಿ, ಈ ಪತ್ರ ಅದರ ಕೆಳಗೇ ಇದೆ. ಹಾಜರಿ ಇನ್ನೂ ಕರೆದಿಲ್ಲ. ಇವತ್ತು ಇಲ್ಲಿ ಕರೆಯಬೇಡಿ. ಬಂದಷ್ಟು ಹುಡುಗಿಯರನ್ನು ಕರೆದುಕೊಂಡು, ವೀರೇಶನನ್ನೂ ಎಬ್ಬಿಸಿಕೊಂಡು, ಹಿಂದಿನ ಗೇಟಿನಿಂದ ಹುಣಸೆ ಮರದ ಕೆಳಗೆ ಹೋಗಿರಿ. ನಿಮ್ಮ ಕ್ಲಾಸಿನ ಮುಕ್ಕಾಲು ಪಾಲು ಗಿರ್ಮಿಟ್ ಅಂಗಡಿಯ ಬೆಂಚುಗಳ ಮೇಲೆಯೇ ಇದೆ. ಅಲ್ಲೇ ಪಾಠ ಮಾಡಿರಿ. ಬರದವರ ಹೆಸರಿನ ಮುಂದೆ ಇದ್ದದ್ದನ್ನೇ ಬರೆಯಿರಿ, ಕ್ಯಾಮೆರಾ ನೋಡಿದ ಪ್ರಿನ್ಸಿಪಾಲರು ಬಂದು ಕೇಳುವಾಗ ನೀವು ಯಾರಿಗೂ ತಪ್ಪಾಯಿತು ಎನ್ನಬೇಕಾಗಿಲ್ಲ.

ಸಂಗಮೇಶ ಗೋಡೆಯ ಕಡೆ, ಕೆಂಪು ದುಪಟ್ಟಾದ ಹುಡುಗಿಯ ಎದುರು ಕೂತಿರುತ್ತಾನೆ. ಅವಳಿಗೆ ಕೇಳುವ ಹಾಗೆ ಅವನ ಹೆಸರು ಕರೆಯಿರಿ. ಅವನು ತನ್ನ ಬಾಯಿಂದಲೇ "ಯಸ್ ಮೇಡಂ" ಎನ್ನಲಿ, ಬಾಯಲ್ಲಿ ಮಿರ್ಚಿ ಇದ್ದರೂ ಎನ್ನಲಿ. ಆ ಹುಡುಗಿ ನಕ್ಕರೆ ನಾನು ಹುಟ್ಟುತ್ತೇನೆ. ಎದ್ದು ಹೋದರೆ ಇಲ್ಲ. ನಕ್ಕಳೆಂದರೂ, ಅವನು ಇವತ್ತಿನಿಂದ ಕ್ಲಾಸಿಗೆ ಕೂತನೆಂದರೆ, ನಾನು ಚೆನ್ನವೀರಿಯ ಜೊತೆ ಬಲಕ್ಕೆ ತಿರುಗುತ್ತೇನೆ, ಸಮುದ್ರ ನೋಡುತ್ತೇನೆ, ನೀವು ಯಾರೆಂದು ನನಗೆ ಗೊತ್ತೇ ಇರುವುದಿಲ್ಲ. ಅದೊಂದೇ ನನಗೆ ಸಂಕಟ. ಇರಲಿ ಬಿಡಿ ಎಂದು ನೀವೇ ಹೇಳಿಕೊಟ್ಟಿದ್ದೀರಿ.

ಅವನು ತಲೆ ತಗ್ಗಿಸುತ್ತಾನೆ, ನೆಲ ನೋಡುತ್ತಾನೆ, ವೀರೇಶನ ಕಡೆ ನೋಡುತ್ತಾನೆ. ನೀವು ಹೂವು ಹಿಡಿದು ಕೈ ಚಾಚಿರಿ. ಅವತ್ತು ನನ್ನ ಮುಂದೆ ಚಾಚಿದ ಹಾಗೆಯೇ. ಅವನು ಎದ್ದು ಬಂದು ತೆಗೆದುಕೊಳ್ಳುವವರೆಗೆ ಆ ಕೈ ಇಳಿಸಬೇಡಿ.

ನಿಮ್ಮ ವಿದ್ಯಾರ್ಥಿನಿ,
ನೀಲವ್ವ