ಬಲಗೆನ್ನೆಯ ಅಳತೆ

ರಾಯದುರ್ಗ
12 ಮಾರ್ಚ್ 2023, ಭಾನುವಾರ

ನೇಮಕಲ್ಲಿನ ತಂಗಿಯ ಮನೆ ಸೇರಿಕೊಂಡು, ನನ್ನ ಫೋನಿಗೆ ಅಳುವನ್ನಷ್ಟೇ ಉತ್ತರವಾಗಿ ಕೊಡುತ್ತಿರುವ ಶಂಕ್ರಮ್ಮಕ್ಕನಿಗೆ,

ಮುಖ್ಯ ಸುದ್ದಿ ಮೊದಲು. ನನ್ನ ಕೆಳತುಟಿಯ ಎಡಭಾಗ ಅಲ್ಲಾಡುತ್ತಿದೆ. ಹೋದ ತಿಂಗಳು ಇಪ್ಪತ್ತೆರಡನೇ ತಾರೀಖು, ಬುಧವಾರ ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಂಡಿತು. ನಂಬಲಿಲ್ಲ. ಬಾಯಿ ತುಂಬ ನೀರು ತುಂಬಿಕೊಂಡು ಮುಕ್ಕಳಿಸಿ ನೋಡಿದೆ. ಮೂರು ತಿಂಗಳಿಂದ ಎಡಮೂಲೆಯಲ್ಲಿ ಸೋರಿ ಕುತ್ತಿಗೆಗೆ ಇಳಿಯುತ್ತಿದ್ದ ನೀರು ಅವತ್ತು ಬಾಯಲ್ಲೇ ನಿಂತಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಅನ್ನದಾನಮ್ಮ ಕೋಲು ಹಿಡಿದು ಓಡಿಬಂದರು. "ಏನಾತವಾ, ಹಾವು ಬಂತೇನು?" "ಹಾವಲ್ರೀ, ತುಟಿ ಬಂತು" ಅಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ "ಬರ್ಲಿ ತಗೋ, ಚೊಲೋ ಆತು" ಎಂದು ಕೋಲು ಊರಿಕೊಂಡು ಹೋದರು.

ಬೆಂಗಳೂರಿನ ಡಾಕ್ಟರಿಗೆ ವಿಡಿಯೋ ಕಳಿಸಿದೆ. ನರ ಚೇತರಿಸಿಕೊಳ್ಳುತ್ತಿದೆ, ಪೂರ್ತಿ ಸರಿಹೋಗಲು ಇನ್ನೂ ನಾಲ್ಕೈದು ತಿಂಗಳು ಬೇಕಾಗಬಹುದು, ಸ್ವಲ್ಪ ಓರೆ ಉಳಿದರೂ ಉಳಿಯಬಹುದು ಎಂದರು. ನನಗೆ ಇಷ್ಟು ಸಾಕು.

ಇದನ್ನು ಹೇಳಲು ನಿಮಗೆ ಮೂರು ಸಲ ಫೋನ್ ಮಾಡಿದೆ. 'ತುಟಿ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ "ನನ್ನ ಕೈಯಿಂದ ಆತವಾ, ನಾನ ಮಾಡಿದ್ದು" ಎಂದು ಅಳು ಶುರುಮಾಡಿ ಫೋನ್ ಇಟ್ಟಿರಿ. ಅದಕ್ಕೇ ಈ ಪತ್ರ. ಇದನ್ನು ನಡುವೆ ಕಟ್ ಮಾಡಲು ಆಗುವುದಿಲ್ಲ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವರು ನೀವು, ಕುಳಿತು ಕೊನೆಯವರೆಗೆ ಓದಿ. ನಾನು ನಿಮಗೆ ಇನ್ನೂ ಹೇಳದ ಒಂದು ವಿಷಯವಿದೆ. ಅದನ್ನು ಹೇಳದೆ ನಿಮ್ಮನ್ನು ವಾಪಸು ಕರೆಯುವ ಹಕ್ಕು ನನಗಿಲ್ಲ.

ಹೇಮಾವತಿ ಪಕ್ಕದ ನಮ್ಮ ಹಳ್ಳಿ ಬಿಟ್ಟು ಈ ಊರಿನ ಜೀನ್ಸ್ ಯೂನಿಟ್ಟಿಗೆ ನಾನು ಬಂದದ್ದು 2012ರಲ್ಲಿ. ಹತ್ತೊಂಬತ್ತು ವರ್ಷ. ಹೊಲದಲ್ಲಿ ಕಡಲೆಕಾಯಿ ಕಿತ್ತ ಮಣ್ಣು ಇನ್ನೂ ಉಗುರಲ್ಲಿತ್ತು. ಊರಿನವರ ಕಣ್ಣಿಗೆ ನಾನು ಕೆಂಪಕ್ಕನ ಮಗ. ಒಳಗೆ ನಾನು ಹೆಣ್ಣು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಮೊದಲು ಕೇಳಿಸಿಕೊಂಡ ಕಿವಿ, ಅಲ್ಲಿ ಹೊಲಿದ ಪ್ಯಾಂಟುಗಳ ಅಳತೆ ನೋಡುತ್ತಿದ್ದ ನಿಮ್ಮದು. ಮಧ್ಯಾಹ್ನದ ಊಟಕ್ಕೆ ಕೂತು ಜೋಳದ ರೊಟ್ಟಿ ಮುರಿಯುತ್ತಿದ್ದಿರಿ. ನಾನು ಎಲ್ಲವನ್ನೂ ಹೇಳಿ ಮುಗಿಸಿದಾಗ ನೀವು ಕೇಳಿದ್ದು ಒಂದೇ ಮಾತು. "ಹೌದೇನು? ಹಂಗಾರ ಹೆಸರ ಏನಿಡೋಣು?" ಮರುದಿನ ಕಟಿಂಗ್ ಮಾಸ್ಟರ್ ಓಬಳಪ್ಪ ನನ್ನ ಹಳೆಯ ಹೆಸರು ಕೂಗಿದಾಗ, ಅಳತೆ ಟೇಬಲ್ಲಿನಿಂದ ತಲೆ ಎತ್ತದೆ, "ಆ ಹೆಸರಿನವರು ಕೆಲ್ಸ ಬಿಟ್ಟರ್ರೀ. ಮಮತಾ ಅಂತ ಹೊಸಾ ಹುಡುಗಿ ಅದಾಳ, ನಡಿತಾಳೇನ್ರೀ?" ಎಂದಿರಿ. ಹೊಲಿಗೆಯವರ ಇಡೀ ಲೈನ್ ನಕ್ಕಿತು. ಓಬಳಪ್ಪನೂ ನಕ್ಕು, "ಹೊಸಬಳಾದ್ರ ನಾಳಿಂದ ಟೈಮಿಗೆ ಸರಿಯಾಗಿ ಬರ್ಲಿ" ಎಂದ. ಆಮೇಲೆ ಯೂನಿಟ್ಟಿನಲ್ಲಿ ಆ ಮಾತು ಅಲ್ಲಿಗೇ ಮುಗಿಯಿತು.

ನಂತರದ ಹತ್ತು ವರ್ಷ ನಿಮಗೆ ಗೊತ್ತೇ ಇದೆ. ಹೆಸರು ಬಂತು, ಸೀರೆ ಬಂತು, ಜಡೆ ಬಂತು. ಮುಖ ಮಾತ್ರ ಹಳೆಯದೇ. ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತರೆ ಕಂಡಕ್ಟರ್ ಎರಡು ಸಲ ನೋಡುತ್ತಿದ್ದ. ಅದಕ್ಕಾಗಿಯೇ ಹೋದ ನವೆಂಬರ್ ಎಂಟರಂದು ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡೆ. ಹುಬ್ಬಿನ ಮೇಲಿನ ಎಲುಬನ್ನು ಉಜ್ಜಿ ಸಮ ಮಾಡಿದರು. ದವಡೆಯ ಮೂಲೆಗಳನ್ನು ಬಾಯಿಯ ಒಳಗಿಂದಲೇ ಕೊರೆದು ಕಿರಿದು ಮಾಡಿದರು. ಒಂದು ವಾರ ಅಲ್ಲಿದ್ದು, ಹದಿನೈದರಂದು ನಿಮ್ಮ ಕೋಣೆಗೆ ಬಂದಾಗ ನನ್ನ ಮುಖ ಬೆಂದ ಬದನೆಕಾಯಿಯಂತಿತ್ತು. ಊತ ಬರುತ್ತದೆ, ದಿನದಿಂದ ದಿನಕ್ಕೆ ಇಳಿಯುತ್ತದೆ, ಇಳಿಯದೆ ಹೋದರೆ ಕೂಡಲೇ ತಿಳಿಸಿ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು.

ಕನ್ನಡಿ ನೋಡಿ ನಾನು ಅತ್ತಾಗ ನೀವು ಬೈದಿರಿ. "ವಾಶಿಂಗಿಗಿಂತ ಮದ್ಲ ಪ್ಯಾಂಟಿನ ಅಳತಿ ನೋಡಿ ಯಾರರ ಅಳ್ತಾರೇನು?" ನಮ್ಮ ಕೆಲಸದವರಿಗಷ್ಟೇ ಹೊಳೆಯುವ ಸಮಾಧಾನ ಅದು. ಜೀನ್ಸು ತೊಳೆದ ಮೇಲೆ ಕುಗ್ಗುತ್ತದೆ ಎಂದು ಗೊತ್ತಿದ್ದೇ ಒಂದಿಂಚು ಹೆಚ್ಚು ಇಟ್ಟು ಹೊಲಿಯುತ್ತೇವೆ. ನನಗೆ ಅಳುವಿನ ನಡುವೆಯೂ ನಗು ಬಂತು. ತುಟಿ ಊದಿ ಮರಗಟ್ಟಿದ್ದರಿಂದ ಆ ನಗು ಯಾರಿಗೂ ಕಾಣಲಿಲ್ಲ.

ಮರುದಿನದಿಂದ ನೀವು ಇಂಚ್ ಟೇಪ್ ಹಿಡಿದಿರಿ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕಿವಿಯ ಬುಡದಿಂದ ಗಲ್ಲದ ತುದಿಯವರೆಗೆ ಅಳತೆ. ಅದನ್ನು ದುಪ್ಪಟ್ಟು ಮಾಡಿ ಕ್ಯಾಲೆಂಡರಿನ ಆಯಾ ತಾರೀಖಿನ ಕೆಳಗೆ ಬರೆಯುತ್ತಿದ್ದಿರಿ. ಮೂವತ್ತು ವರ್ಷದ ಅಭ್ಯಾಸ. ಪ್ಯಾಂಟನ್ನು ಟೇಬಲ್ಲಿನ ಮೇಲೆ ಚಪ್ಪಟೆಯಾಗಿ ಹರಡಿ ಸೊಂಟದ ಅರ್ಧ ಅಳೆಯುವುದು, ಎರಡರಿಂದ ಗುಣಿಸುವುದು. ಒಂದು ಪಕ್ಕ ಸರಿಯಿದ್ದರೆ ಇನ್ನೊಂದು ಪಕ್ಕವೂ ಸರಿ. ಹದಿನಾರರಂದು ಹದಿಮೂರೂವರೆ ಇಂಚು. ಹತ್ತೊಂಬತ್ತರಂದು ಹದಿಮೂರು. ಇಪ್ಪತ್ತೆರಡಕ್ಕೆ ಹನ್ನೆರಡೂವರೆ. ಅಳತೆ ದಿನಾ ಇಳಿಯುತ್ತಿತ್ತು. ನೀವು ಯೂನಿಟ್ಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಿರಂತೆ, "ನಮ್ಮ ಹುಡುಗಿ ಕರೆಕ್ಟ್ ಸೈಜಿಗೆ ಬರಾಕತ್ಯಾಳ."

ಅಳತೆ ತಪ್ಪಿರಲಿಲ್ಲ, ಅಕ್ಕ. ಅದು ಬಲಗೆನ್ನೆಯದಾಗಿತ್ತು, ಅಷ್ಟೇ. ಎಡಗೆನ್ನೆ ಇಪ್ಪತ್ತರಿಂದಲೇ ಮತ್ತೆ ಊದಿಕೊಳ್ಳುತ್ತಿತ್ತು.

ಇಪ್ಪತ್ಮೂರರ ಬೆಳಗ್ಗೆ ನಮ್ಮವ್ವ ಬಾಗಿಲಿಗೆ ಬಂದು ನಿಂತಳು. ಒಂದು ಚೀಲ ಹಸಿ ಕಡಲೆಕಾಯಿ, ಮಡಕಶಿರಾದಿಂದ ಎರಡು ಬಸ್ಸು ಬದಲಿಸಿ ಬಂದ ಧೂಳು. ಅವಳು ನನ್ನನ್ನು ನೋಡಿ ಆರು ವರ್ಷವಾಗಿತ್ತು. ಫೋನಿನಲ್ಲಿ "ಉಂಡ್ಯಾ?" "ಉಂಡೆ" ಬಿಟ್ಟರೆ ನಮ್ಮ ನಡುವೆ ಮಾತಿರಲಿಲ್ಲ. ಆಪರೇಷನ್ ವಿಷಯ ಅವಳಿಗೆ ಹೇಳಕೂಡದು ಎಂದು ನಿಮ್ಮಿಂದ ಆಣೆ ಮಾಡಿಸಿಕೊಂಡಿದ್ದೆ. ನೀವು ಆಣೆ ಮುರಿದು, ಹಿಂದಿನ ದಿನ ಊಟದ ಹೊತ್ತಿಗೆ ಯೂನಿಟ್ಟಿನಿಂದ ಫೋನ್ ಮಾಡಿಬಿಟ್ಟಿದ್ದಿರಿ.

ಅವಳು ಚೀಲ ಇಳಿಸಿ ನನ್ನ ಪಕ್ಕ ಬಂದಳು. ನನ್ನ ಬಲಗಡೆ ಟೇಪ್ ಹಿಡಿದು ನೀವು ಕೂತಿದ್ದಿರಿ, ಹಾಗಾಗಿ ಅವಳಿಗೆ ಎಡಗಡೆ ಬಿಟ್ಟರೆ ಜಾಗವಿರಲಿಲ್ಲ. ಕೂತವಳು ಅಂಗೈಯ ಹಿಂಭಾಗವನ್ನು ನನ್ನ ದವಡೆಗೆ ತಾಗಿಸಿ ಬೆಚ್ಚಿದಳು.

"ಇದೇನಮ್ಮ ಹಿಂಗೆ ಸುಡ್ತೈತೆ? ಕಲ್ಲಿದ್ದಂಗೈತೆ. ಇಳೀತಾ ಐತೆ ಅಂದ್ರಲ್ಲ?"

"ಇಳದೈತ್ರೀ. ಹನ್ನೆರಡೂವರಿ. ಕ್ಯಾಲೆಂಡರ್ ನೋಡ್ರಿ ಬೇಕಾದ್ರ."

"ಎತ್ಲಾಗಿಂದ ಅಳೆದ್ರಿ?"

"ಈ ಕಡೆ ಅಳದು ಡಬಲ್ ಮಾಡೀನ್ರಿ. ಪ್ಯಾಂಟಿಗೆ ಹಂಗ ಮಾಡೋದ್ರಿ."

"ನನ್ ಮಗು ಏನು ಪ್ಯಾಂಟೇನಮ್ಮ?"

ನೀವು ಎದ್ದು ಈ ಕಡೆ ಬಂದು ನೋಡಿದಿರಿ. ಆಗ ನಿಮ್ಮ ಮುಖ ಹೇಗಾಯಿತು ಎಂದು ನಾನು ಬರೆಯುವುದಿಲ್ಲ. ಐದು ನಿಮಿಷದಲ್ಲಿ ಡಾಕ್ಟರಿಗೆ ಫೋಟೋ ಹೋಯಿತು. ಇವತ್ತೇ ಹೊರಡಿ ಎಂದು ಅವರಿಂದ ಉತ್ತರ ಬಂತು. ಹತ್ತು ಗಂಟೆಗೆ ನಾವು ಮೂವರೂ ಕಾರಿನಲ್ಲಿದ್ದೆವು. ಕಲ್ಯಾಣದುರ್ಗದವರೆಗೆ ಅವ್ವ ನಿಮ್ಮನ್ನು ಬೈದಳು. ನೀವು "ಹೌದ್ರಿ, ಬೈರಿ, ಇನ್ನಾ ಬೈರಿ" ಎನ್ನುತ್ತಲೇ ಇದ್ದಿರಿ. ಹಾಗೆ ಒಪ್ಪಿಕೊಳ್ಳುವವರನ್ನು ಎಷ್ಟು ಹೊತ್ತು ಬೈಯಲು ಸಾಧ್ಯ? ಪಾವಗಡ ಬರುವಷ್ಟರಲ್ಲಿ ಅವಳು ಕಡಲೆಕಾಯಿ ಸುಲಿದು ನಿಮ್ಮ ಕೈಗೆ ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸು ಪೇಷೆಂಟ್ ಕಡೆಯವರು ಯಾರು ಎಂದಾಗ ಇಬ್ಬರೂ ಒಟ್ಟಿಗೆ "ನನ್ನ ಮಗಳು" ಎಂದಿರಿ. ಅವ್ವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಜ್ವರ ನೂರಮೂರು ಇತ್ತು, ಆದರೂ ಆ ಮಾತು ಚೆನ್ನಾಗಿ ನೆನಪಿದೆ.

ಒಳಗೆ ಕೀವು ಕಟ್ಟಿತ್ತು. ತೆರೆದು ತೊಳೆದರು, ಐದು ದಿನ ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು. ಊತ ಇಳಿದಾಗಲೇ ಗೊತ್ತಾದದ್ದು, ಕೆಳತುಟಿಯ ಎಡಭಾಗ ಕದಲುತ್ತಿಲ್ಲ. ನಕ್ಕರೆ ಬಾಯಿ ಒಂದೇ ಕಡೆ ಎಳೆಯುತ್ತಿತ್ತು. ನೀವು ನನ್ನನ್ನು ಊರಿಗೆ ತಂದು ಬಿಟ್ಟು, "ಎಂಟು ದಿನಕ್ಕ ಬರ್ತೀನವಾ, ಆಂಜನೇಯಗ ಹೇಳ್ಕೊಂಡ್ ಬರ್ತೀನಿ" ಎಂದು ನೇಮಕಲ್ಲಿಗೆ ಹೋದಿರಿ. ಎಂಟು ದಿನ ಮೂರು ತಿಂಗಳಾಯಿತು. ಅಳತೆ ಟೇಬಲ್ಲಿನಲ್ಲಿ ಈಗ ಬೇರೆಯವರಿದ್ದಾರೆ. ಇನ್ನು ಟೇಪ್ ಮುಟ್ಟುವುದಿಲ್ಲ ಎಂದು ಓಬಳಪ್ಪನಿಗೆ ಹೇಳಿ ಕಳಿಸಿದಿರಂತೆ.

ಈಗ ನಾನು ಹೇಳದೆ ಇಟ್ಟುಕೊಂಡ ವಿಷಯ.

ಎಡಗಡೆ ನೋಯುತ್ತಿದೆ ಎಂದು ನನಗೆ ಇಪ್ಪತ್ತನೇ ತಾರೀಖೇ ಗೊತ್ತಿತ್ತು. ಬಾಯಲ್ಲಿ ಕೆಟ್ಟ ರುಚಿ ಬರುತ್ತಿತ್ತು. ನಾನು ಹೇಳಲಿಲ್ಲ. ನೀವು ಟೇಪ್ ಹಿಡಿದು ಹತ್ತಿರ ಬಂದಾಗ ನಾನೇ ಮುಖ ತಿರುಗಿಸಿ ಬಲಗೆನ್ನೆ ಕೊಡುತ್ತಿದ್ದೆ. ಎಡಕ್ಕೆ ದುಪಟ್ಟಾ ಎಳೆದುಕೊಂಡು ಮಲಗುತ್ತಿದ್ದೆ. ಇಪ್ಪತ್ತೊಂದರಂದು ನೀವು "ಆ ಕಡೆನೂ ನೋಡ್ತೀನಿ ತಾಳು" ಎಂದಿರಿ. ನಾನು "ಎರಡೂ ಒಂದೇ ಅಲ್ವಾ ಅಕ್ಕ, ಡಬಲ್ ಮಾಡಿ" ಎಂದೆ. ನಿಮಗೆ ಅದು ಮರೆತಿರಬಹುದು. ನನಗೆ ಮರೆತಿಲ್ಲ. ಏನೋ ಕೆಟ್ಟಿದೆ ಎಂದು ಒಪ್ಪಿಕೊಂಡರೆ, ಇದ್ದ ಮುಖ ಇಟ್ಟುಕೊಂಡು ಸುಮ್ಮನಿರಬಾರದಾಗಿತ್ತೇ ಎಂದು ಜನ ಹೇಳುತ್ತಾರೆ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ ಎಂದು ಹೆದರಿದೆ.

ನಿಮ್ಮ ಕೈ ತಪ್ಪಿಲ್ಲ, ಅಕ್ಕ. ನಾನು ತೋರಿಸಿದ್ದನ್ನು ನೀವು ಅಳೆದಿರಿ. ಡಾಕ್ಟರ್ ಹೇಳಿದ್ದನ್ನೂ ಇದ್ದಂತೆ ಬರೆಯುತ್ತೇನೆ. ಮೂರು ದಿನ ಮೊದಲು ಬಂದಿದ್ದರೆ ಕೀವು ಇಷ್ಟು ಆಗುತ್ತಿರಲಿಲ್ಲ. ತುಟಿಯ ನರ ಮಾತ್ರ ಆಪರೇಷನ್ ದಿನವೇ ಎಳೆತಕ್ಕೆ ಸಿಕ್ಕಿತ್ತು, ಅದಕ್ಕೂ ಕೀವಿಗೂ ಸಂಬಂಧವಿಲ್ಲ. ಆ ಮೂರು ದಿನ ನನ್ನವು. ಅವು ನಾಲ್ಕು ಆಗದೆ ಇದ್ದದ್ದು ನೀವು ಮಾಡಿದ ಒಂದು ಫೋನಿನಿಂದ. ಇದನ್ನು ಮೂರು ತಿಂಗಳು ಬಚ್ಚಿಟ್ಟು, ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟಿ, ನೀವು ಅಳುವುದನ್ನು ಕೇಳುತ್ತಿದ್ದೆ. ಈಗ ಬೈಯಬೇಕಾದವರು ನೀವು. "ಬೈರಿ, ಇನ್ನಾ ಬೈರಿ" ಎನ್ನಲು ನಾನೂ ಕಲಿತಿದ್ದೇನೆ.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಈಗ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಮೊದಲು ನನ್ನ ಮುಖವನ್ನು ಎರಡೂ ಕಡೆ ತಿರುಗಿಸಿ ನೋಡುತ್ತಾಳೆ. ಆಮೇಲೆ "ನಿಮ್ ಶಂಕ್ರಮ್ಮ ಬಂದ್ಲೇನು? ಕಡ್ಲೆಕಾಯಿ ಕಳಿಸಾನ ಅಂದ್ರೆ ಆಯಮ್ಮನೇ ಇಲ್ವಲ್ಲ" ಎನ್ನುತ್ತಾಳೆ.

ಇನ್ನೊಂದು ಸುದ್ದಿ ಉಳಿದಿದೆ. ಮೊನ್ನೆ ಶುಕ್ರವಾರ ಆಧಾರ್ ಕಾರ್ಡಿಗೆ ಹೊಸ ಫೋಟೋ ತೆಗೆಸಲು ಹೋಗಿದ್ದೆ. ಕಂಪ್ಯೂಟರ್ ಮುಂದೆ ಇದ್ದಾತ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕ್ಯಾಮೆರಾ ಸರಿಮಾಡಿದ. ಒಂದು ಫೋಟೋ ತೆಗೆದು ಅಳಿಸಿದ. ಇನ್ನೊಂದು ತೆಗೆದು ಅದನ್ನೂ ಅಳಿಸಿದ. ಮುಖ ಸೊಟ್ಟಗೆ ಬರುತ್ತಿರಬೇಕು ಎಂದುಕೊಂಡೆ. ಆತ ತಲೆ ಎತ್ತಿ, ಸರದಿಯಲ್ಲಿ ನಿಂತಿದ್ದ ಅಷ್ಟೂ ಜನರ ಮುಂದೆ, ಬೇಸರದಿಂದ ಹೇಳಿದ. "ಮೇಡಂ, ನಗಬ್ಯಾಡ್ರಿ. ಹಲ್ಲು ಕಂಡ್ರ ಸಿಸ್ಟಮ್ ತಗೊಳ್ಳಾಂಗಿಲ್ಲ. ಸ್ವಲ್ಪ ಮುಖ ಗಂಟು ಹಾಕ್ರಿ."

ನಾನು ಎಷ್ಟು ಪ್ರಯತ್ನಪಟ್ಟರೂ ಗಂಟು ಹಾಕಲು ಆಗಲಿಲ್ಲ, ಅಕ್ಕ. ಐದನೇ ಫೋಟೋಗೆ ಆತನೂ ನಗಲು ಶುರುಮಾಡಿದ. ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು, "ಯಾಕವಾ ಅಷ್ಟು ನಗ್ತಿ, ಲಗ್ನ ಫಿಕ್ಸ್ ಆತೇನು?" ಎಂದಳು. ಕೊನೆಗೆ, ನಾಳೆ ಬನ್ನಿ, ಬರುವಾಗ ಏನಾದರೂ ದುಃಖದ ವಿಷಯ ನೆನೆಸಿಕೊಂಡು ಬನ್ನಿ ಎಂದು ಕಳಿಸಿಬಿಟ್ಟ. ಶನಿವಾರವೂ ಹೋದೆ. ಶನಿವಾರವೂ ಆಗಲಿಲ್ಲ. ನನ್ನನ್ನು ಗದರಿಸಿ ಮುಖ ಬಿಗಿಯುವಂತೆ ಮಾಡಬಲ್ಲವರು ಈ ಊರಿನಲ್ಲಿ ಒಬ್ಬರೇ ಇದ್ದರು. ಅವರು ನೇಮಕಲ್ಲಿನಲ್ಲಿದ್ದಾರೆ. ನನ್ನ ಸರದಿ ನಾಳೆ ಬಿಟ್ಟು ಮುಂದಿನ ಸೋಮವಾರ, ಇಪ್ಪತ್ತನೇ ತಾರೀಖು ಬೆಳಗ್ಗೆ ಹನ್ನೊಂದು ಗಂಟೆಗೆ. ಒಂಬತ್ತಕ್ಕೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನಿಮ್ಮ ಮೊಣಕಾಲು ನೋವು ಇಳಿಯಲಿ, ತಂಗಿಯ ಮನೆಯ ಊಟ ನಿಮಗೆ ಬೇಗ ಬೇಜಾರಾಗಲಿ, ಬರುವ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿ.

ನೀವು ಹೆಸರಿಟ್ಟ,
ಮಮತಾ