ಟೇಪು ಅಂಟಿಸಿದ ಸ್ವಿಚ್ಚು

ಅಪ್ಪಾ,

ಕಂಪ್ಯೂಟರ್ ಮೇಜಿನ ಸ್ವಿಚ್ಚಿಗೆ ಟೇಪು ಅಂಟಿಸಿದ್ದೀನಿ. ದಯವಿಟ್ಟು ಕೀಳಬೇಡಿ.

ಎಂದಿನ ಹಾಗೆ ಕೂತು ಪೇಪರ್ ಓದಿ, ತೊಂದರೆಯಿಲ್ಲ. ಆದರೆ ಏಳುವಾಗ ಆಫ್ ಮಾಡಬೇಡಿ! ಹಳೇ ಬ್ಯಾಕಪ್ ಡಿಸ್ಕು ಕಟಕಟ ಅಂತಿದೆ, ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಅದರಲ್ಲಿರೋದೆಲ್ಲ ಹೊಸ ಡಿಸ್ಕಿಗೆ ಕಾಪಿ ಆಗ್ತಾ ಇದೆ. ನಿನ್ನೆ ಮುಕ್ಕಾಲು ಭಾಗ ಮುಗಿದಿತ್ತು, "ಸುಮ್ನೆ ಕರೆಂಟು ಹಾಳು" ಅಂತ ಆರಿಸಿಬಿಟ್ರಿ. ಮೊನ್ನೆಯೂ ಇದೇ ರಗಳೆ. ನನಗಂತೂ ತಲೆ ಕೆಟ್ಟುಹೋಗಿದೆ. ಫ್ಯಾನು, ದೀಪ, ಗೀಸರು, ಏನು ಬೇಕಾದ್ರೂ ಆರಿಸಿ. ಇದೊಂದನ್ನು ಬಿಟ್ಟುಬಿಡಿ.

ಅಮ್ಮನ ದನಿ ಉಳಿದಿರೋದು ಆ ಹಳೇ ಡಿಸ್ಕಿನ ಒಂದು ವಿಡಿಯೋದಲ್ಲಿ ಮಾತ್ರ. ಅದರಲ್ಲಿ ಅವಳು ಅಡುಗೆಮನೆಯಿಂದ ನಿಮ್ಮನ್ನೇ ಕೂಗ್ತಿದ್ದಾಳೆ: "ರೀ, ಎದ್ದು ಬಂದ್ರಲ್ಲ, ಸ್ವಿಚ್ಚು ಯಾರು ಆಫ್ ಮಾಡ್ತಾರೆ?"